ತೊಡೆಯ ಗುಳಿಗೆ ಆಪರೇಷನ್ನೋ ಲೇಸರೋ?

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಣ್ಣಗುಡ್ಡದಲ್ಲಿ ಚರ್ಮದ ಡಾಕ್ಟರರ ಮುಂದೆಯೇ ನಾನು ಮತ್ತು ದುಬೈಯಿಂದ ರಜೆಗೆ ಬಂದಿರುವ ನನ್ನ ಅತ್ತಿಗೆ ಜಗಳಾಡಿದೆವು, ಅದೂ ನನ್ನ ತೊಡೆಯ ವಿಷಯಕ್ಕೆ. ತೊಡೆಯ ಹಿಂಭಾಗದಲ್ಲಿ ನೀರುದೋಸೆಯ ಮೇಲಿರುವ ಹಾಗೆ ಸಣ್ಣ ಸಣ್ಣ ಗುಳಿಗಳು ಬಿದ್ದಿವೆ. ಸೆಲ್ಯುಲೈಟ್ ಅಂತೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಈಜು ಕಲಿಯಲು ಹೆಸರು ಕೊಟ್ಟಿದ್ದೇನೆ, ಸೋಮವಾರದಿಂದ ತರಗತಿ. ಈಜುಡುಗೆ ಹಾಕಿ ಕನ್ನಡಿ ನೋಡಿದ ಮೇಲೆ ಇದ್ದ ಧೈರ್ಯವೆಲ್ಲ ಹೋಯಿತು.

“ಲೇಸರ್ ಮಾಡಿಸು ಮಾರಾಯ್ತಿ, ಅಲ್ಲಿ ನನ್ನ ಫ್ರೆಂಡ್ಸೆಲ್ಲ ಮಾಡಿಸಿದ್ದಾರೆ,” ಎಂದರು ಅತ್ತಿಗೆ. ಮಾಡಿಸುವುದಾದರೆ ಆಪರೇಷನ್ನೇ ಎಂದು ನನ್ನ ಹಟ.

ಡಾಕ್ಟರಮ್ಮ ಇಬ್ಬರನ್ನೂ ಸುಮ್ಮನಿರಿಸಿದರು. ಚರ್ಮವನ್ನು ಒಳಗಿನಿಂದ ಜಗ್ಗಿ ಹಿಡಿಯುವ ಎಳೆಗಳನ್ನು ಆಪರೇಷನ್‌ನಲ್ಲಿ ಕತ್ತರಿಸುತ್ತಾರಂತೆ, ಲೇಸರಿನಲ್ಲಿ ಅದೇ ಕೆಲಸ ಶಾಖದಿಂದ.

“ಎರಡರಲ್ಲೂ ಗುಳಿ ಕಡಿಮೆ ಆಗಬಹುದು. ಪೂರ್ತಿ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಸ್ವಲ್ಪ ದಿನ ನೋವು ಉಂಟು, ನೀಲಿ ಕಲೆ ಉಂಟು. ಅಲ್ಲಿವರೆಗೆ ಈಜ್ಲಿಕ್ಕೂ ಹೋಗ್ಬಾರದು.”

“ಹಾಗೇ ಬಿಟ್ರೆ ಎಂತ ಆಗ್ತದೆ?” ಎಂದು ಕೇಳಿದೆ.

“ಎಂತದೂ ಆಗುದಿಲ್ಲ. ಅದು ರೋಗ ಅಲ್ಲ. ನನಗೂ ಉಂಟು.”

ಅತ್ತಿಗೆ ಬಿಡಲಿಲ್ಲ. “ಮತ್ತೆ ನೀವು ಯಾವುದು ಮಾಡಿಸಿದ್ದು ಡಾಕ್ಟ್ರೇ?”

“ನನಗೆಲ್ಲಿ ಪುರುಸೊತ್ತು?”

ಇಬ್ಬರೂ ನಗುತ್ತಲೇ ಹೊರಗೆ ಬಂದೆವು. ಎರಡೂ ಬೇಡ ಎಂದು ಅಲ್ಲೇ ಮೆಟ್ಟಿಲ ಮೇಲೆ ತೀರ್ಮಾನವಾಯಿತು. ಸೋಮವಾರ ಈಜುಕೊಳದ ಹತ್ತಿರ ಸಿಕ್ಕಿದವರು ದಯವಿಟ್ಟು ನನ್ನ ಮುಖ ನೋಡಿ ಮಾತಾಡಿಸಿ.