ಮಲ್ಲಕ್ಕ ತಂದ ವಿಡಿಯೋ, ಮಡಿವಾಳೆಪ್ಪನವರ ಮಾತು

ನಮ್ಮ ಮನೆಯವರ ಹೆಸರು ಮಡಿವಾಳೆಪ್ಪ. ಒಡಪಿನ ಪದ್ಯದಲ್ಲಿ ಸೇರಿಸದೆ ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಆದರೆ ಬರೆಯುವಾಗ ಬೇರೆ ದಾರಿ ಕಾಣಲಿಲ್ಲ.

ಕುಬಿಹಾಳದಲ್ಲಿ ಅವರ ಹೆಸರು ನಡೆದದ್ದು ಒಂದೇ ಕೆಲಸದಿಂದ. ಕಾರ ಹುಣ್ಣಿವೆಯ ಸಂಜೆ ಊರ ಅಗಸಿ ಬಾಗಿಲಿಗೆ ಅಡ್ಡವಾಗಿ, ಕೊಬ್ಬರಿ ಬಟ್ಟಲು, ಬೇವಿನ ತಪ್ಪಲು ಪೋಣಿಸಿದ ಹಗ್ಗ ಕಟ್ಟುತ್ತಾರೆ. ಅದಕ್ಕೆ ಕರಿ ಅನ್ನುತ್ತೇವೆ. ಬಣ್ಣ ಬಳಿದ ಎತ್ತುಗಳನ್ನು ಓಡಿಸಿಕೊಂಡು ಬರುತ್ತಾರೆ. ಯಾವುದು ಮೊದಲು ಹಗ್ಗ ಹರಿಯಿತೋ ಅದು ಗೆದ್ದಂತೆ. ಬಿಳಿ ಎತ್ತು ಹರಿದರೆ ಆ ವರ್ಷ ಜೋಳ, ಹತ್ತಿ ಚಲೋ ಬರುತ್ತವೆ ಎಂದೂ, ಕೆಂದ ಎತ್ತು ಹರಿದರೆ ಗೋಧಿ, ಮೆಣಸಿನಕಾಯಿ ಚಲೋ ಬರುತ್ತವೆ ಎಂದೂ ನಂಬಿಕೆ. ಎತ್ತುಗಳು ಒಂದರ ಮೈಮೇಲೆ ಒಂದು ಬಿದ್ದು ಧೂಳೆಬ್ಬಿಸಿ ನುಗ್ಗುವಾಗ ಮೊದಲು ಬಂದದ್ದು ಯಾವುದು ಎಂದು ಹೇಳಬೇಕಾದವರು ನಮ್ಮ ಮನೆಯವರು. ಅವರಿಗಿಂತ ಮೊದಲು ನಮ್ಮ ಮಾವನವರು ಹೇಳುತ್ತಿದ್ದರು. ಒಮ್ಮೆ ಹೇಳಿದರೆ ಮುಂದಿನ ಹುಣ್ಣಿವೆಯ ತನಕ ಆ ಮಾತು ತಿರುಗುವಂತಿಲ್ಲ. ಹೇಳಿದವನೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಎತ್ತಿನ ವಿಷಯದಲ್ಲಿ ನಂಬಿದ ಊರು ಉಳಿದದ್ದರಲ್ಲಿಯೂ ಅವರನ್ನು ನಂಬಿತು. ಎಲ್ಲೋ ಒಂದು ಗಾಳಿಮಾತು ಎದ್ದರೆ ಜನ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಇವರು ರೇಡಿಯೋದ ಕಿವಿ ಹಿಂಡಿ, ಪೇಪರು ಮಡಚಿಟ್ಟು ‘ಖರೆ’ ಅನ್ನುವರು, ಇಲ್ಲವೆ ‘ಸುಳ್ಳ’ ಅನ್ನುವರು. ಅರ್ಧ ಖರೆ ಅರ್ಧ ಸುಳ್ಳು ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಜನ ಸಮಾಧಾನದಿಂದ ಎದ್ದು ಹೋಗುವರು. ನಾನು ಬಾಗಿಲ ಮರೆಯಲ್ಲಿ ಕಾಳು ಹಸನು ಮಾಡುತ್ತ ಎಲ್ಲವನ್ನೂ ಕೇಳುತ್ತಿದ್ದೆ.

ಹೋದ ವರ್ಷದ ಹುಣ್ಣಿವೆಯಲ್ಲಿ ಬಸವಣ್ಣೆಪ್ಪನ ಬಿಳಿ ಎತ್ತು ಗೆದ್ದಿತು ಎಂದು ಇವರು ಹೇಳಿದರು. ನಮ್ಮ ಸೊಸೆ ಅಮೃತಾ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಅವಳು ಪಂಚಾಯತಿಯ ವಾಚನಾಲಯ ನೋಡಿಕೊಳ್ಳುತ್ತಾಳೆ, ತಿಳಿವಳಿಕೆಯ ಹುಡುಗಿ. ವಿಡಿಯೋ ಬಗ್ಗೆ ಅವಳು ತುಟಿ ಬಿಚ್ಚಲಿಲ್ಲ. ಆದರೆ ಯಾರೋ ಇಸಿದುಕೊಂಡು ನೋಡಿದರು, ನಿಲ್ಲಿಸಿ ನಿಲ್ಲಿಸಿ ನೋಡಿದರು. ಮೊದಲು ಹಗ್ಗಕ್ಕೆ ತಾಗಿದ ಕೋಡು ಭರಮಪ್ಪನ ಕೆಂದ ಎತ್ತಿನದು. ಮಾತು ತಿರುಗಲಿಲ್ಲ, ರೂಢಿ ರೂಢಿಯೇ. ಆದರೆ ಭರಮಪ್ಪ ನಮ್ಮ ಮನೆಯ ಮುಂದೆ ಹಾಯುವಾಗಲೆಲ್ಲ ತನ್ನ ಎತ್ತಿಗೆ, ‘ನೀ ಸೋತಿಯಪಾ, ನಿನಗ ಗೊತ್ತಿಲ್ಲ’ ಎಂದು ಕೇಳುವಂತೆ ಹೇಳತೊಡಗಿದ.

ಅಲ್ಲಿಂದ ಜನರ ಹೆಜ್ಜೆ ಬೇರೆಯಾಯಿತು. ಈಗಲೂ ನಮ್ಮ ಮನೆಗೇ ಬರುತ್ತಿದ್ದರು. ಜಗಲಿಯ ಹತ್ತಿರ ಚಪ್ಪಲಿ ಬಿಟ್ಟು, ‘ಆರಾಮ ಅದೀರೇನ್ರಿ’ ಎಂದು ಇವರನ್ನು ಮಾತಾಡಿಸಿ, ಸೀದಾ ಒಳಗೆ ಹೋಗಿ ಅಮೃತಾಳ ಕೈಗೆ ಫೋನು ಕೊಡುತ್ತಿದ್ದರು. ಇದು ಖರೆ ಏನು, ಈ ಫೋಟೋ ಖರೆ ಏನು ಎಂದು ಕೇಳುತ್ತಿದ್ದರು. ಇವರು ಪೇಪರು ಹಿಡಿದು ಕೂತಿರುತ್ತಿದ್ದರು, ಕಣ್ಣು ಪೇಪರಿನ ಮೇಲೆ, ಕಿವಿ ಒಳಮನೆಯಲ್ಲಿ. ಬಿಟ್ಟ ಚಪ್ಪಲಿ ಯಾರದೆಂದು ಬಗ್ಗಿ ನೋಡುತ್ತಿದ್ದರು. ಅಮೃತಾ ಚಹಾ ತಂದರೆ ‘ಈಗ ಆತು’ ಅನ್ನುವರು, ಅದೇ ಚಹಾ ನಾನು ಒಯ್ದರೆ ಕುಡಿಯುವರು. ಅವಳು ಮಾಡಿದ ಹೋಳಿಗೆಗೆ ಬೆಲ್ಲ ಹೆಚ್ಚು, ಅವಳು ಗುಡಿಸಿದ ಅಂಗಳದಲ್ಲಿ ಕಸ ಉಳಿದಿದೆ. ಮಗ ಗೌರೀಶ ಒಂದು ದಿನ ನಕ್ಕುಬಿಟ್ಟಿದ್ದಕ್ಕೆ ಅವನ ಕೂಡ ಎರಡು ದಿನ ಮಾತಿಲ್ಲ.

ಈ ನಡುವೆ ಕೊಲ್ಲಿಯ ಕಡೆ ಯುದ್ಧ ಸುರುವಾಯಿತು. ಓಣಿಯ ಕೊನೆಯ ಮನೆಯ ಮಲ್ಲಕ್ಕನ ಮಗ ಫಕೀರೇಶ ಅಲ್ಲಿಯ ಒಂದು ಬಂದರಿನಲ್ಲಿ ಲಾರಿ ಹೊಡೆಯುತ್ತಾನೆ. ಒಬ್ಬನೇ ಮಗ. ದಿನಾ ಸಂಜೆ ಫೋನು ಮಾಡುತ್ತಿದ್ದವನ ಫೋನು ನಿಂತುಹೋಯಿತು. ಅದರ ಬೆನ್ನಿಗೇ ಮಲ್ಲಕ್ಕನ ಫೋನಿಗೆ ಒಂದು ವಿಡಿಯೋ ಬಂತು. ಆಕಾಶದಿಂದ ಬೆಂಕಿಯ ಗೆರೆಯೊಂದು ಇಳಿಯುತ್ತದೆ, ದೊಡ್ಡ ಕಟ್ಟಡ ಹೊತ್ತಿಕೊಳ್ಳುತ್ತದೆ, ಮಂದಿ ಚೀರುತ್ತ ಓಡುತ್ತಾರೆ. ಕೆಳಗೆ ಫಕೀರೇಶ ಇರುವ ಬಂದರಿನ ಹೆಸರು ಬರೆದಿತ್ತು.

ಮಲ್ಲಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ಬಂದಳು. ಇವರು ಜಗಲಿಯಲ್ಲಿ ನೆಟ್ಟಗೆ ಕೂತರು. ಈ ಹೊತ್ತಾದರೂ ತಮ್ಮನ್ನು ಕೇಳುತ್ತಾಳೆ ಎಂದು ಅವರಿಗೆ ಅನಿಸಿತ್ತು, ಮುಖದಲ್ಲಿ ನನಗೆ ಕಂಡಿತು. ಮಲ್ಲಕ್ಕನ ಗಂಡ ಇದ್ದಾಗಿನಿಂದ ಆ ಮನೆಯ ಸಣ್ಣದು ದೊಡ್ಡದು ಎಲ್ಲ ಇವರನ್ನು ಕೇಳಿಯೇ ನಡೆದದ್ದು. ಆಕೆ ಇವರನ್ನು ನೋಡಲಿಲ್ಲ. ‘ಅಮೃತಾ ಎಲ್ಲಿ’ ಎನ್ನುತ್ತ ಒಳಗೆ ಬಂದಳು.

ಅಮೃತಾ ರೊಟ್ಟಿ ಬಡಿಯುವುದನ್ನು ಬಿಟ್ಟು ಕೈ ತೊಳೆದಳು. ವಿಡಿಯೋ ನಿಲ್ಲಿಸಿ ಅದರದೊಂದು ಚಿತ್ರ ತೆಗೆದು, ಅದೇ ಚಿತ್ರ ಮೊದಲು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿದಳು. ಸುಮಾರು ಹೊತ್ತಾಯಿತು. ಆಮೇಲೆ, ಇದು ಹಳೇ ವಿಡಿಯೋ, ಬೇರೆ ದೇಶದ್ದು, ಬೇರೆ ಯುದ್ಧದ್ದು, ಯಾರೋ ಹೆಸರು ಬದಲಿಸಿ ಬಿಟ್ಟಿದ್ದಾರೆ ಎಂದಳು. ಮಲ್ಲಕ್ಕ ಗೋಡೆಗೆ ಒರಗಿ ಉಸಿರು ಬಿಟ್ಟಳು.

ಆಗ ಇವರು ಜಗಲಿಯಿಂದ ಎದ್ದು ಒಳಗೆ ಬಂದರು. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಅವರು ಎಂದೂ ಅಡುಗೆಮನೆಯ ಹೊಸಿಲು ತುಳಿದವರಲ್ಲ.

‘ಹಂಗಾರ ಫಕೀರೇಶ ಅರಾಮ ಅದಾನೇನವಾ?’

‘ಅದು ನನಗ ಗೊತ್ತಿಲ್ರಿ ಮಾವಾರ. ಈ ವಿಡಿಯೋ ಅಲ್ಲೀದಲ್ಲ, ಅಷ್ಟ ಗೊತ್ತು.’

‘ಅರಾಮ ಅದಾನೋ ಇಲ್ಲೋ ಗೊತ್ತಿಲ್ಲ. ಮತ್ತ ಸುಳ್ಳ ಅಂತ ಹೆಂಗ ಹೇಳಿದಿ? ಅರ್ಧಾ ಹೇಳಿ ಕುಂಡ್ರೋದು ಯಾವ ನ್ಯಾಯ?’

ಇವರು ಕೈ ಚಾಚಿ ಫೋನು ಇಸಿದುಕೊಂಡರು. ಅಂಥ ಫೋನನ್ನು ಅವರು ಮುಟ್ಟಿದ್ದು ಅದೇ ಮೊದಲು. ಕಣ್ಣಿಗೆ ಹತ್ತಿರ ಹಿಡಿದು, ಅಗಸಿಯ ಹಗ್ಗ ನೋಡಿದ ಹಾಗೆಯೇ ನೋಡಿದರು, ರೆಪ್ಪೆ ಬಡಿಯದೆ. ಒಂದೇ ಸಲ ನೋಡಿದರು. ಎರಡನೇ ಸಲ ನೋಡುವುದು ಅವರ ಪದ್ಧತಿಯಲ್ಲ, ಎತ್ತೂ ಎರಡನೇ ಸಲ ಓಡುವುದಿಲ್ಲವಲ್ಲ.

‘ಬೆಂಕಿ ಖರೆ. ಓಡೋ ಮಂದಿ ಖರೆ. ಇದು ಖರೆ ಐತಿ’ ಎಂದು ಫೋನು ತಿರುಗಿ ಕೊಟ್ಟು ಜಗಲಿಗೆ ಹೋದರು. ಹೋಗುವಾಗಿನ ಅವರ ನಡಿಗೆ ನನಗೆ ಗುರುತಿತ್ತು. ಹುಣ್ಣಿವೆಯ ಸಂಜೆ ಅಗಸಿಯಿಂದ ಮನೆಗೆ ಬರುವ ನಡಿಗೆ ಅದು. ಅವರ ಕಣ್ಣಿಗೆ ವಿಡಿಯೋ ಕಂಡಿತ್ತು, ಅಮೃತಾ ಕಂಡಿದ್ದಳು, ಮಲ್ಲಕ್ಕ ಕಂಡಿರಲಿಲ್ಲ.

ಮಲ್ಲಕ್ಕ ನಂಬಿದ್ದು ಇವರನ್ನೇ. ಅಮೃತಾ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗಲಿಲ್ಲ. ಒಬ್ಬರು ಗೊತ್ತಿಲ್ಲ ಅನ್ನುತ್ತಾರೆ, ಒಬ್ಬರು ಗೊತ್ತದ ಅನ್ನುತ್ತಾರೆ. ಹೆತ್ತ ಕರುಳು ಯಾರ ಮಾತು ಹಿಡಿಯುತ್ತದೆ? ಆಕೆ ಅಳಲೂ ಇಲ್ಲ. ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದಳು.

ಮರುದಿನ ನಾನು ಅವಳ ಮನೆಗೆ ಹೋದೆ. ಒಲೆ ಹೊತ್ತಿಸಿರಲಿಲ್ಲ. ಬಾಜು ಮನೆಯ ಗೌಸಬಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ ತಂದಿಟ್ಟು ಮೂಲೆಯಲ್ಲಿ ಕೂತಿದ್ದಳು. ಇನ್ನೊಂದು ಮನೆಯಿಂದ ಅನ್ನ, ಸಾರು ಬಂದಿತ್ತು. ಓಣಿಯ ಹೆಂಗಸರು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ಕೂತ ರೀತಿ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಮನೆಗೆ ಬಂದು ಇವರಿಗೆ ಊಟಕ್ಕೆ ಬಡಿಸಿದೆ. ಮಾತು ಯಾವಾಗ ಹೇಳಬೇಕು ಎಂಬುದನ್ನು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ. ಎರಡನೇ ರೊಟ್ಟಿ ಮುರಿಯುವಾಗ ಹೇಳಿದೆ.

‘ಮಲ್ಲಕ್ಕನ ಮನಿಗೆ ಹೊರಗಿನ ರೊಟ್ಟಿ ಬುಟ್ಟಿ ಬಂದಾವ.’

ನಮ್ಮ ಕಡೆ ಹೊರಗಿನ ಬುಟ್ಟಿ ಬರುವುದು ಸತ್ತವರ ಮನೆಗೆ. ಇವರ ಕೈ ತಟ್ಟೆಯಲ್ಲಿಯೇ ನಿಂತಿತು.

‘ಯಾರ ಹೇಳ್ಯಾರ ಅವ ಸತ್ತಾನಂತ?’

‘ನೀವ ಹೇಳೀರಿ.’

‘ನಾ ವಿಡಿಯೋದ ಮಾತ ಹೇಳಿದ್ದು.’

‘ಆಕಿ ಹಂಗ ಕೇಳಿಲ್ಲ.’

ಊಟ ಅಲ್ಲಿಗೇ ಬಿಟ್ಟರು. ಜಗಲಿಯಲ್ಲಿ ಕೂತರು, ಎದ್ದರು, ಹಿತ್ತಲಿಗೆ ಹೋಗಿ ಬಂದರು. ಹೇಳಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇದೊಂದು ತಪ್ಪಿದ್ದರೆ ಬಿಳಿ ಎತ್ತಿನದೂ ತಪ್ಪು ಎಂದು ಭರಮಪ್ಪ ಓಣಿ ಓಣಿ ಹೇಳುತ್ತಾನೆ. ಆಮೇಲೆ ಅಗಸಿಯ ಹತ್ತಿರ ಇವರ ಜಾಗ ಎಲ್ಲಿಯದು?

ಕಡೆಗೆ ಅಮೃತಾ ಕಟ್ಟಿಗೆ ಒಟ್ಟುತ್ತಿದ್ದಲ್ಲಿಗೆ ಹೋಗಿ, ಬೇರೆ ಕಡೆ ನೋಡುತ್ತ, ‘ಅದ ಹೆಂಗ ಹಳೇದು ಅಂದಿ, ತೋರಸು’ ಎಂದರು.

ಅವಳು ಬುದ್ಧಿವಂತೆ. ಮೊದಲು ಯುದ್ಧದ ವಿಡಿಯೋ ತೆಗೆಯಲಿಲ್ಲ. ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ ಕರಿಯ ವಿಡಿಯೋ ತೆಗೆದಳು, ಆ ಸಲದ ಮಾತಿಗೆ ಊರಲ್ಲಿ ಒಬ್ಬರ ತಕರಾರೂ ಇರಲಿಲ್ಲ. ಎತ್ತು ಓಡಿದವು, ಹಗ್ಗ ಹರಿಯಿತು. ಇವರ ಮುಖ ಸಡಿಲಾಯಿತು.

‘ಮಾವಾರ, ಎತ್ತ ಖರೆ, ಹಗ್ಗ ಖರೆ. ಇದನ್ನ ತೋರಿಸಿ ಯಾರರೆ ಈ ವರ್ಷದ ಕರಿ ಅಂದ್ರ ಒಪ್ಪತೀರೇನ್ರಿ?’

‘ಹೆಂಗ ಒಪ್ಪಲಿ? ಈ ವರ್ಷದ ಹುಣ್ಣಿವಿ ಇನ್ನೂ ಬಂದಿಲ್ಲ.’

‘ಅದೂ ಹಂಗ ಐತ್ರಿ.’

ಆಮೇಲೆ ಬೆಂಕಿಯ ವಿಡಿಯೋ ತೋರಿಸಿದಳು. ಅದೇ ಕಟ್ಟಡ, ಓಡುವ ಅದೇ ಮಂದಿ, ಆದರೆ ಹಾಕಿದ ತಾರೀಖು ಎಷ್ಟೋ ವರ್ಷದ ಹಿಂದಿನದು, ದೇಶದ ಹೆಸರು ಬೇರೆ. ಇವರು ಆ ತಾರೀಖನ್ನೇ ನೋಡುತ್ತ ನಿಂತರು. ಈ ಸಲ ಎರಡು ಸಲ ನೋಡಿದರು, ಮೂರು ಸಲ ನೋಡಿದರು. ಬಳಿಕ ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದು ನನಗೆ, ‘ನಡಿ’ ಎಂದರು. ಅಮೃತಾಳನ್ನು ಕರೆಯಲಿಲ್ಲ.

ಮಲ್ಲಕ್ಕನ ಮನೆಯಲ್ಲಿ ಹೆಂಗಸರ ನಡುವೆ ನಿಂತುಕೊಂಡೇ ಹೇಳಿದರು. ‘ಮಲ್ಲಕ್ಕಾ, ನಿನ್ನೆ ನಾ ಹೇಳಿದ್ದು ತಪ್ಪ. ಆ ಬೆಂಕಿ ನಿನ್ನ ಮಗನ ಊರಿಂದಲ್ಲ, ಹಳೇದು. ಅವ ಹೆಂಗದಾನ ಅನ್ನೋದು ನನಗೂ ಗೊತ್ತಿಲ್ಲ. ಗೊತ್ತ ಇಲ್ಲ ಅಂದಮ್ಯಾಲೆ ಈ ಬುಟ್ಟಿಗೋಳನ್ನ ಮನಿಯೊಳಗ ಇಟಗೋಬಾರದು. ಒಲಿ ಹೊತ್ತಸು.’

ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದಕ್ಕೋ ಏನೋ, ಮಲ್ಲಕ್ಕನಿಗೆ ಆಗ ಅಳು ಬಂತು. ಗೌಸಬಿ ಎದ್ದು ತನ್ನ ಬುಟ್ಟಿ ಎತ್ತಿಕೊಂಡಳು. ನಾನು ಒಲೆಗೆ ಕಟ್ಟಿಗೆ ಇಟ್ಟೆ.

ತಿರುಗಿ ಬರುವಾಗ ಭರಮಪ್ಪ ಕಟ್ಟೆಯ ಮೇಲಿದ್ದ. ಸುದ್ದಿ ಆಗಲೇ ಮುಟ್ಟಿತ್ತು. ‘ಕಾಕಾ, ಮಾತ ತಿರುಗಸ್ತೀರಂತಲ್ಲ ಈಗ. ನಮ್ಮ ಕೆಂದನ ಮಾತ ಏನ?’ ಎಂದ. ಇವರು ನಿಲ್ಲದೆ, ‘ಎತ್ತಿನ ಮಾತು ಹುಣ್ಣಿವಿ ತನಕ’ ಎಂದು ನಡೆದರು. ಸ್ವಲ್ಪ ಮುಂದೆ ಬಂದು ನನಗೆ ಮೆಲ್ಲಗೆ ಹೇಳಿದರು: ‘ಅಮೃತಾ ನಿನ್ನೆನ ಹೇಳಿದ್ದಳು, ಯಾರರೆ ಒಲಿ ಹಚ್ಚಿದರೇನ? ನಾ ಹೇಳಿದಮ್ಯಾಲೆ ಹಚ್ಚಿದರು.’

ಕೆಲವು ದಿನಗಳ ಮೇಲೆ ಫಕೀರೇಶನ ಫೋನು ಬಂತು. ಬಂದರಿನವರೆಲ್ಲರನ್ನೂ ದೂರದ ಶೆಡ್ಡಿಗೆ ಒಯ್ದಿದ್ದರಂತೆ, ಅಲ್ಲಿ ಫೋನು ಹತ್ತುತ್ತಿರಲಿಲ್ಲವಂತೆ. ಮಲ್ಲಕ್ಕ ಸಕ್ಕರೆ ಹಿಡಿದುಕೊಂಡು ಓಡಿ ಬಂದಳು. ಇವರು ಜಗಲಿಯಲ್ಲಿ ಬಾಯಿ ಒರೆಸಿಕೊಂಡು ಸಿದ್ಧವಾದರು. ಆಕೆ ಜಗಲಿ ದಾಟಿ ಸೀದಾ ಒಳಗೆ ಹೋಗಿ ಅಮೃತಾಳ ಬಾಯಿಗೆ ಸಕ್ಕರೆ ಹಾಕಿದಳು, ಆಮೇಲೆ ಹೊರಗೆ ಬಂದು ಇವರ ಕೈಗೂ ಕೊಟ್ಟಳು. ಇವರು ಅಂಗೈಯನ್ನು ಬಹಳ ಹೊತ್ತು ನೋಡಿದರು. ಅಮೃತಾಳಿಗೆ ಹೆಚ್ಚು ಹಾಕಿದಳೋ ತಮಗೆ ಹೆಚ್ಚು ಕೊಟ್ಟಳೋ ಎಂದು ಸಂಜೆ ನನ್ನನ್ನು ಕೇಳಿದರು. ನಾನು ನೋಡಿಲ್ಲ ಎಂದೆ. ನೋಡಿದ್ದೆ.

ಈ ಸಲದ ಕಾರ ಹುಣ್ಣಿವೆಗೆ ಊರವರು ಮತ್ತೆ ಇವರನ್ನೇ ಕರೆದರು, ಭರಮಪ್ಪನೂ ಬೇಡ ಅನ್ನಲಿಲ್ಲ. ಅಗಸಿಗೆ ಹೊರಟವರು ಅಂಗಳದಲ್ಲಿ ನಿಂತು ಅಮೃತಾಳನ್ನು ಕೂಗಿದರು.

‘ಫೋನ ತಗೊಂಡ ಬಾರವಾ. ಕಟ್ಟಿ ಮ್ಯಾಲೆ ಬ್ಯಾಡ, ನನ್ನ ಬಾಜು ನಿಲ್ಲು.’

ಅವಳು ಸೆರಗು ಸರಿಮಾಡಿಕೊಂಡು ಹಿಂದೆ ನಡೆದಳು. ಅಗಸಿಯ ಹತ್ತಿರ ಬರುತ್ತಿದ್ದಂತೆ ಇವರು ತಿರುಗಿ ನಿಂತರು.

‘ಮೊದಲ ನಾ ಹೇಳ್ತೀನಿ. ನಾ ಹೇಳೂತನಕ ನೀನೂ ಅದರಾಗ ನೋಡಬ್ಯಾಡ.’