ಭತ್ತ ಕಚ್ಚುವ ದವಡೆ

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಹಸಿ ನೋಡುವುದು ನನ್ನ ಕೆಲಸ. ಅದಕ್ಕೊಂದು ಮಷೀನೂ ಇದೆ. ಆದರೆ ದಢೇಸುಗೂರಿನ ರೈತರಿಗೆ ಮಷೀನಿಗಿಂತ ನನ್ನ ಹಲ್ಲಿನ ಮೇಲೆ ನಂಬಿಕೆ. ಕಾಳು ಸುಲಿದು, ದವಡೆಗಿಟ್ಟು ಕಚ್ಚುತ್ತೇನೆ. ಕಟಕ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ. ಹೀಗಿರುವಾಗ ದವಡೆ ನೋಯತೊಡಗಿದರೆ ಭತ್ತವನ್ನಲ್ಲದೆ ಇನ್ನಾರನ್ನು ಬೈಯಲಿ? ಎಡಗಡೆ ಬಿಟ್ಟು ಬಲಗಡೆ ಕಚ್ಚಿದೆ. ಎರಡೂ ಕಡೆ ನೋವಾಯಿತು.

ಒಂದು ಬೆಳಿಗ್ಗೆ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ನಮ್ಮಣ್ಣನಿಗೂ ಹೀಗೇ ಶುರುವಾಗಿತ್ತು. ಗುಟ್ಕಾ ಬಾಯಿಗಿಟ್ಟರೆ ಮಾತ್ರ ತಲೆ ಒಂದು ಕಡೆ ನಿಲ್ಲುತ್ತದೆ ಎನ್ನುತ್ತಿದ್ದ. ಬಾಯಿಯ ಕ್ಯಾನ್ಸರ್ ಅವನನ್ನು ಒಯ್ದಿತು. ನಾನು ಗುಟ್ಕಾ ಮುಟ್ಟಿದವನಲ್ಲ. ಆದರೆ ಹೆದರಿಕೆಗೆ ಅದೆಲ್ಲ ತಿಳಿಯಬೇಕಲ್ಲ. ಬಚ್ಚಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಾಲಿಗೆಯಡಿ ಹುಡುಕುತ್ತಿದ್ದೆ. ಏನೂ ಕಾಣದಿದ್ದರೆ ಇನ್ನೂ ಭಯ, ಒಳಗೆಲ್ಲೋ ಅಡಗಿದೆ ಎಂದು. ಮೂರು ತಿಂಗಳು ಯಾರಿಗೂ ಹೇಳದೆ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೆ. ಕಡೆಗೊಂದು ದಿನ ಹೆಂಡತಿ ತಾಟು ಎಳೆದುಕೊಂಡಳು.

"ಹಲ್ಲಿಲ್ಲದ ಮುದುಕರಂಗ ಯಾಕ ತಿನ್ನಾಕತ್ತೀರಿ? ಏನಾಗೈತಿ, ಖರೇ ಹೇಳ್ರಿ."

ಲಿಂಗಸುಗೂರಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೊರಟೆವು. ಬಸ್ಸು ಮಸ್ಕಿ ದಾಟುವಷ್ಟರಲ್ಲಿ ನಾನಿಲ್ಲದ ಮನೆ ಹೇಗಿರುತ್ತದೆಂದು ಪೂರ್ತಿ ನೋಡಿ ಮುಗಿಸಿದ್ದೆ. ಡಾಕ್ಟರಮ್ಮ ಬಾಯೊಳಗೆ ಲೈಟ್ ಬಿಟ್ಟು, ಕೆನ್ನೆ ಒತ್ತಿ ನೋಡಿದರು.

"ಹುಣ್ಣಿಲ್ಲ, ಗಂಟಿಲ್ಲ, ಅಂಜಬ್ಯಾಡ್ರಿ. ಹಲ್ಲು ಸವದಾವ. ಇಡೀ ದಿನ ಹಲ್ಲು ಬಿಗಿಹಿಡಕೊಂಡು ಇರ್ತೀರೇನು?"

ಹೌದಲ್ಲ! ರೈತ ಮಾತಾಡುವಾಗ ಮನಸ್ಸು ಜಾರದಂತೆ, ಯಾವ ಚೀಲ ನೋಡಿದೆನೆಂಬುದು ಮರೆಯದಂತೆ, ನಾನು ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆ. ಹೆಂಡತಿಗೂ ಆಗ ಬಾಯಿ ಬಂತು.

"ಕುಂತಲ್ಲಿ ಕುಂದ್ರಂಗಿಲ್ರಿ ಇವರು. ಗಾಡಿ ಚಾವಿ ಫ್ರಿಜ್ಜಿನ್ಯಾಗ ಸಿಗತೈತಿ. ಹೇಳಿದ ಮಾತು ಹೊಸ್ತಿಲ ದಾಟೂತನಾ ನೆನಪಿರಂಗಿಲ್ಲ."

ಡಾಕ್ಟರಮ್ಮ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಆ ಮನೋವೈದ್ಯರು ನನ್ನ ಶಾಲೆಯ ದಿನಗಳಿಂದ ಹಿಡಿದು ಎಲ್ಲ ಕೇಳಿ, ಇದು ಗಮನ ನಿಲ್ಲದ ತೊಂದರೆ, ಎಡಿಎಚ್‌ಡಿ, ಚಿಕ್ಕಂದಿನಿಂದಲೇ ಇದ್ದದ್ದು ಎಂದರು. ಅದಿದ್ದವರಿಗೆಲ್ಲ ದವಡೆ ನೋಯುವುದಿಲ್ಲವಂತೆ. ಕೆಲವರು ಮಾತ್ರ ಮನಸ್ಸು ಹಿಡಿಯಲು ತಮಗೇ ಗೊತ್ತಿಲ್ಲದೆ ಹಲ್ಲು ಬಿಗಿಯುತ್ತಾರಂತೆ.

"ಮನ್ಯಾಗ ಮತ್ಯಾರಿಗಾದ್ರೂ ಹಿಂಗ ಐತೇನ್ರಿ?" ಎಂದು ಕೇಳಿದರು.

ಗುಟ್ಕಾ ಪೊಟ್ಟಣ ಹರಿಯುತ್ತಿದ್ದ ಅಣ್ಣನ ಕೈ ಕಣ್ಣ ಮುಂದೆ ಬಂತು. "ನಮ್ಮಣ್ಣಗ ಇತ್ತೇನೋರಿ. ಅಂವ ಈಗಿಲ್ಲ. ಬ್ಯಾರೆ ಯಾರಿಗೂ ಇಲ್ರಿ" ಎಂದೆ.

ಆ ಸಂಜೆ ಎಷ್ಟೋ ಹಗುರಾಗಿ ಮನೆಗೆ ಬಂದೆ. ಐದನೇ ತರಗತಿಯ ಮಗಳು ಪಡಸಾಲೆಯಲ್ಲಿ ಮಗ್ಗಿ ಬರೆಯುತ್ತಿದ್ದಳು. ಒಂದು ಕಾಲು ಅಲುಗುತ್ತಲೇ ಇತ್ತು. ಕಿವಿಯ ಕೆಳಗೆ ಏನೋ ಉಬ್ಬಿ ಇಳಿಯುತ್ತಿತ್ತು. ಪಕ್ಕದಲ್ಲಿ ಕುಳಿತು ಬೆರಳಿಟ್ಟು ನೋಡಿದೆ. ಕಲ್ಲಿನಂತೆ ಗಟ್ಟಿ.

"ಯಾಕವ್ವಾ, ಹಲ್ಲು ಕಚಕೊಂಡು ಕುಂತೀ? ಸಡಲ ಬಿಡು."

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಬಿಟ್ರ ಮರತ ಹೋಗತೈತಪ್ಪಾ."