ನಾನೇ ಎತ್ತಿಕೊಂಡೆ ಎಂದ ಬುಟ್ಟಿ

ಅಪ್ಪಿಯಕ್ಕ, ಆ ದಿನ ನಾನು ಪೊಲೀಸರ ಮುಂದೆ ಹೇಳಿದ್ದು ಸುಳ್ಳು. ನನ್ನ ಬುಟ್ಟಿಯನ್ನು ಎತ್ತಿಕೊಟ್ಟವಳು ನೀನೇ. ನಾನು ಆ ಮನೆಯ ಕಂಪೌಂಡಿನ ಹತ್ತಿರ ಬಂದಿದ್ದೆ. ಮನೆಯ ಯಜಮಾನಿ ದೊಡ್ಡಮ್ಮನ ಚಿನ್ನದ ಸರವನ್ನು ಯಾರು ತೆಗೆದರು ಎಂಬುದನ್ನೂ ಈ ಎರಡು ಕಣ್ಣಿನಿಂದಲೇ ನೋಡಿದ್ದೆ.

ಇಷ್ಟು ಬರೆಯಲು ಇಪ್ಪತ್ತೆರಡು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ನಾಲ್ಕೇ ಸಾಲು.

ನಾನು ಜಲಜ. ಕಾಪುವಿನ ಕಡಲ ಬದಿಯಲ್ಲಿ ಆಗ ನಿನ್ನದಾಗಿದ್ದ ಮನೆಯಿಂದ ಮೂರನೆಯ ಮನೆಯವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನವ್ಯಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಆದರೂ ಬೇರೆಯವರ ಕೈಯಿಂದ ಬರೆಸುವ ಮಾತಲ್ಲ ಇದು.

ಈಗ ಯಾಕೆ ಎಂದು ಕೇಳುತ್ತೀಯೇನೋ. ಸಂತೋಷ, ಅಪ್ಪಿಯಕ್ಕ. ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ ಎಂದರೆ ನೀನು ನಂಬುತ್ತೀಯಾ?

ನಮ್ಮ ನವ್ಯ — ನನ್ನ ಮಗಳ ಮಗಳು, ದೀಪಸ್ತಂಭ ತೋರಿಸಿ ನೀನು ಗಂಜಿ ಉಣಿಸುತ್ತಿದ್ದೆಯಲ್ಲ, ಅದೇ ಕೂಸು — ಅವಳ ಹೆಸರನ್ನು ಬೆಂಗಳೂರಿನ ವಿಧಾನಸಭೆಯಲ್ಲಿ ಓದಿದರು! ಅಷ್ಟು ಜನ ಎಂಎಲ್‌ಎಗಳು ಒಟ್ಟಿಗೆ ಮೇಜು ತಟ್ಟಿದರು. ಕಡಲಿನ ಸದ್ದು ಕೇಳಿ ಬೆಳೆದ ನನ್ನ ಕಿವಿಗೂ ಅದು ದೊಡ್ಡ ಸದ್ದಾಗಿಯೇ ಕೇಳಿತು.

ಅವಳ ಅಮ್ಮ ಗಲ್ಫಿಗೆ ಹೋದದ್ದು ನಿನಗೆ ಗೊತ್ತುಂಟು. ಇವಳನ್ನು ಸಾಕಿದವಳು ನಾನು. ಈಗ ಕಾರ್ಕಳದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ವಾರವಿಡೀ ಅಲ್ಲೇ ಉಳಿದು ಭಾನುವಾರ ಬರುತ್ತಾಳೆ. ನಿಟ್ಟೆಯ ಕಡೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ಒಬ್ಬ ಗಂಡಸು, ಯಾವಾಗಲೂ ತಲೆನೋವಿನ ಮಾತ್ರೆ ಮಾತ್ರ ಒಯ್ಯುವವನು, ಒಂದು ದಿನ ಬಂದು ಹಾಲಿನ ಪುಡಿ, ಬಾಟಲಿ ಕೇಳಿದನಂತೆ. “ನೀರು ಎಷ್ಟು ಬಿಸಿ ಇರಬೇಕು?” ಎಂದನಂತೆ. ಹಿಂದಿನ ದಿನ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಹಸುಗೂಸು ಕಾಣೆಯಾಗಿತ್ತು. ನಮ್ಮ ಹುಡುಗಿ ಏನೂ ತೋರಿಸಿಕೊಳ್ಳದೆ ಬಾಟಲಿ ಕಟ್ಟಿಕೊಟ್ಟಳು. ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಪೊಲೀಸರಿಗೆ ಫೋನು ಮಾಡಿದಳು. ಮಗು ಸಿಕ್ಕಿತು, ಅಪ್ಪಿಯಕ್ಕ. ಜೀವಂತ ಸಿಕ್ಕಿತು. ಆಮೇಲೆ ಅವನ ಕಡೆಯವರು ಎರಡು ಸಲ ಅಂಗಡಿಗೆ ಬಂದು ಹೆದರಿಸಿದರು. ಆದರೂ ಇವಳು ಕೋರ್ಟಿನಲ್ಲಿ ನಿಂತು ಬೆರಳು ತೋರಿಸಿ, “ಇವನೇ” ಎಂದಳು.

ಅದಕ್ಕೇ ಸದನದಲ್ಲಿ ಅಭಿನಂದನೆ. ನಮ್ಮಿಬ್ಬರನ್ನೂ ಮೇಲೆ, ನೋಡುವವರು ಕೂರುವ ಕಡೆ ಕೂರಿಸಿದ್ದರು. ಸ್ಪೀಕರ್ ಅವಳ ಹೆಸರು ಹೇಳಿದಾಗ ಅವಳು ಎದ್ದು ಕೈ ಮುಗಿದಳು. ನನಗೆ ಎಲ್ಲಿ ತಡೆಯುತ್ತದೆ? ಜೋರಾಗಿ ಚಪ್ಪಾಳೆ ಹೊಡೆದುಬಿಟ್ಟೆ. “ನಮ್ಮ ಮಗು! ನಮ್ಮ ಮಗು!” ಎಂದು ತುಳುವಿನಲ್ಲಿ ಕೂಗಿದೆ ಕೂಡ. ಬಿಳಿ ಬಟ್ಟೆಯ ಕಾವಲಿನವನು ಓಡಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ.

“ಅಮ್ಮಾ, ಇಲ್ಲಿ ಚಪ್ಪಾಳೆ ತಟ್ಟೋ ಹಾಗಿಲ್ಲ. ಮಾತಾಡೋ ಹಾಗೂ ಇಲ್ಲ. ಸುಮ್ನೆ ಕೂತ್ಕೊಂಡು ನೋಡ್ಬೇಕು, ಅಷ್ಟೇ.”

ನೋಡಿ ಸುಮ್ಮನಿರುವುದು! ಅದನ್ನು ಅವನು ನನಗೆ ಹೇಳಿಕೊಡಬೇಕಿತ್ತೇ?

ಆಗ ಸ್ಪೀಕರ್ ಕಾಗದ ನೋಡಿ ಇನ್ನೂ ಒಂದು ಸಾಲು ಓದಿದರು. ಮೀನು ಮಾರಿ ತನ್ನನ್ನು ಸಾಕಿದ ಅಜ್ಜಿಯಿಂದ, ಕಂಡದ್ದನ್ನು ಕಂಡ ಹಾಗೆ ಹೇಳುವುದನ್ನು ಕಲಿತೆನೆಂದು ಈ ಹೆಣ್ಣುಮಗಳು ಹೇಳುತ್ತಾಳೆ — ಎಂದು. ಮತ್ತೆ ಮೇಜು ತಟ್ಟಿದರು. ಈ ಸಲ ತಟ್ಟಿದ್ದು ನನಗಾಗಿ. ನವ್ಯ ನನ್ನ ಕೈ ಹಿಡಿದು ಒತ್ತಿದಳು. ನನ್ನ ಕೈ ತಣ್ಣಗೆ, ಐಸಿನಲ್ಲಿಟ್ಟ ಮೀನಿನ ಹಾಗೆ…

ಊರಿಗೆ ಬಂದು ಕಂಡವರಿಗೆಲ್ಲ ಹೇಳಿದೆ. ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಹೂವಿನವಳಿಗೆ ಹೇಳಿದೆ. ಎಲ್ಲರೂ “ನಿಮ್ಮ ಪುಣ್ಯ ಜಲಜಕ್ಕ” ಎಂದರು, ತಮ್ಮ ಕೆಲಸಕ್ಕೆ ಹೋದರು. ನವ್ಯ ಕಾರ್ಕಳಕ್ಕೆ ಹೊರಟು ಹೋದ ಮೇಲೆ ಸಂಜೆ, ಬೆಂಗಳೂರಿನಲ್ಲಿ ಅವಳಿಗೆ ಹೊದಿಸಿದ ಶಾಲನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಆ ಮಗು ಮೊದಲ ಹೆಜ್ಜೆ ಇಟ್ಟಾಗ ನನ್ನ ಜೊತೆ ಯಾರು ನಕ್ಕಿದ್ದರೋ ಅವರಿಗೆ ಹೇಳಬೇಕು ಎನ್ನಿಸಿತು. ಅದು ನೀನು. ಬೇರೆ ಯಾರೂ ಇಲ್ಲ. ಈ ಸಂತೋಷವನ್ನು ಒಬ್ಬಳೇ ಎತ್ತಿಕೊಳ್ಳಲು ನನ್ನಿಂದ ಆಗುತ್ತಿಲ್ಲ, ಅಪ್ಪಿಯಕ್ಕ. ಆದರೆ ನಿನ್ನನ್ನು ಕರೆಯುವ ಬಾಯಿಯನ್ನು ನಾನೇ ಮುಚ್ಚಿಕೊಂಡಿದ್ದೇನೆ.

ಆ ದಿನದ್ದನ್ನು ಹೇಳುತ್ತೇನೆ. ನಿನಗೆ ಅರ್ಧ ಗೊತ್ತುಂಟು, ಅರ್ಧ ಗೊತ್ತಿಲ್ಲ.

ಬೆಳಿಗ್ಗೆ ಮಲ್ಪೆಯಲ್ಲಿ ಒಟ್ಟಿಗೆ ಮೀನು ತೆಗೆದುಕೊಂಡೆವು. ಒಂದೇ ಬಸ್ಸಿನಲ್ಲಿ ಮಣಿಪಾಲಕ್ಕೆ ಹತ್ತಿದೆವು. ಅಲ್ಲಿ ಮೀನು ಕೊಡಲು ನಿನ್ನ ಮನೆಗಳು ನಿನಗೆ, ನನ್ನ ಮನೆಗಳು ನನಗೆ. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವ ಕ್ರಮ ಇಲ್ಲ. ನಿನಗೆ ಮೈಯಲ್ಲಿ ಹುಷಾರಿಲ್ಲದಾಗ ನಿನ್ನ ಮನೆಗಳಿಗೆ ನಾನು ಮೀನು ಕೊಟ್ಟರೂ, “ಇದು ಅಪ್ಪಿಯಕ್ಕನದು” ಎಂದೇ ಕೊಡಬೇಕು, ನೀನು ಎದ್ದ ಮೇಲೆ ಬಿಟ್ಟುಕೊಡಬೇಕು. ಆ ದಿನ ನನ್ನ ಮೂರನೆಯ ಮನೆಯಲ್ಲಿ ಬುಟ್ಟಿ ಇಳಿಸಿದೆ. ತುಂಬ ಬಂಗುಡೆ. ಆ ಮನೆಯವರು ಮೀನಿನ ಬುಟ್ಟಿಗೆ ಕೈ ಹಚ್ಚುವವರಲ್ಲ. ತುಂಬಿದ ಬುಟ್ಟಿಯನ್ನು ನೆಲದಿಂದ ತಲೆಗೆ ಒಬ್ಬಳೇ ಏರಿಸಿಕೊಳ್ಳಲು ನಮ್ಮಲ್ಲಿ ಯಾರಿಂದಲೂ ಆಗುವುದಿಲ್ಲ — ನಿನಗೆ ಹೇಳಬೇಕೇ. ಎದುರಿಗೆ ಇನ್ನೊಂದು ಜೋಡಿ ಕೈ ಬೇಕು. ಹಾಗಾಗಿ ಬುಟ್ಟಿಯನ್ನು ಗೇಟಿನ ಬಳಿ ಬಿಟ್ಟು ಪಕ್ಕದ ಓಣಿಗೆ ನಿನ್ನನ್ನು ಕರೆಯಲು ಬಂದೆ.

ದೊಡ್ಡಮ್ಮನ ಮನೆಯ ಕಂಪೌಂಡು ಗಿಡ್ಡ. ನೀನು ಹಿಂದುಗಡೆ ನಲ್ಲಿಯ ಹತ್ತಿರ ಬಚ್ಚಲಿಗೆ ಬೆನ್ನು ಹಾಕಿ ಮೀನು ಹೆಚ್ಚುತ್ತಿದ್ದೆ. ಬಚ್ಚಲಿನ ಬಾಗಿಲ ಹೊರಗೆ, ಮೊಳೆಯಲ್ಲಿ, ಸ್ನಾನಕ್ಕೆ ಹೋದ ದೊಡ್ಡಮ್ಮನ ಸರ. ಅವರ ಕಿರಿಯ ಮಗ ಬಂದ. ಸರ ತೆಗೆದ. ಅಂಗಿಯ ಜೇಬಿಗೆ ಹಾಕಿದ. ತಿರುಗಿದಾಗ ಕಂಪೌಂಡಿನಾಚೆ ನನ್ನ ತಲೆ ಕಂಡಿತು.

“ಎಂತ ಜಲಜಕ್ಕ, ಇವತ್ತು ಈ ಕಡೆ?” ಎಂದು ನಕ್ಕ.

ನಾನೂ ನಕ್ಕೆ. ಅದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ನಕ್ಕೆ, ಅಪ್ಪಿಯಕ್ಕ.

ಅವನು ಸ್ಕೂಟರ್ ಹತ್ತಿ ಹೋದ ಮೇಲೆ ನಿನ್ನನ್ನು ಕರೆದೆ. ನೀನು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದೆ. ಬುಟ್ಟಿ ಎತ್ತುವಾಗ ಹೇಳಿದ್ದು ನೆನಪುಂಟಾ — “ಎಂತ ಮಾರಾಯ್ತಿ, ಮೀನು ತಂದದ್ದಾ, ಮಲ್ಪೆಯ ದೋಣಿಯನ್ನೇ ಹೊತ್ತು ತಂದದ್ದಾ?” ನಾನು, “ನೀನು ಎತ್ತಿಕೊಡುತ್ತೀ ಅಂತ ಧೈರ್ಯ” ಎಂದೆ. ಹಾಗೆಯೇ ಎಂದೆ.

ಒಂದು ಗಂಟೆಯಲ್ಲಿ ಪೊಲೀಸರು ಬಂದರು. ಆ ಹೊತ್ತಿನಲ್ಲಿ ಅಂಗಳದಲ್ಲಿದ್ದ ಹೊರಗಿನವಳು ನೀನೊಬ್ಬಳೇ ಎಂದು ಮನೆಯವರು ಹೇಳಿದರು. ನಿನ್ನ ಬುಟ್ಟಿಯನ್ನು ಅಂಗಳದಲ್ಲಿ ಕವುಚಿ ಹಾಕಿದ್ದರು. ನನ್ನನ್ನೂ ಕರೆಸಿದರು. ನಾನು ಬಂದದ್ದು ನೋಡಿ ನಿನ್ನ ಮುಖ ಹೇಗೆ ಅರಳಿತು!

“ಇವಳನ್ನೇ ಕೇಳಿ ಸಾರ್. ಇವಳು ಬಂದು ಕರೆದಳು. ನಾನು ಕೈ ತೊಳೆದು ಸೀದಾ ಹೋಗಿ ಬುಟ್ಟಿ ಎತ್ತಿಕೊಟ್ಟೆ. ಸರದ ಹತ್ತಿರ ನಾನು ಹೋಗಲೇ ಇಲ್ಲ. ಇವಳು ನೋಡಿದ್ದಾಳೆ. ಹೇಳು ಜಲಜ.”

ಕಿರಿಯ ಮಗ ಜಗಲಿಯ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದ. ಬಂದಿದ್ದೆ ಎಂದರೆ ‘ಎಂತ ನೋಡಿದೆ’ ಎನ್ನುವ ಪ್ರಶ್ನೆ ಬರುತ್ತದೆ. ಅಂಗಳದಲ್ಲಿ ಕಂಡದ್ದನ್ನು ಗೇಟಿನ ಹೊರಗೆ ತರಬಾರದು ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಬಾಯಿಬಿಡುವ ಮೀನಿನವಳಿಗೆ ಯಾವ ಗೇಟೂ ತೆರೆಯುವುದಿಲ್ಲ ಎಂದು. ನನ್ನ ಮನೆಗಳು ಹೋಗುತ್ತವೆ, ಒಂದೊಂದಾಗಿ ಎಲ್ಲ ಹೋಗುತ್ತವೆ…

“ಇಲ್ಲ ಸಾರ್. ನಾನು ಈ ಕಡೆಗೇ ಬರಲಿಲ್ಲ. ಬುಟ್ಟಿ ಇವತ್ತು ನಾನೇ ಎತ್ತಿಕೊಂಡೆ.”

ಪೊಲೀಸರಿಗೆ ಅದು ಬರೀ ಒಂದು ಮಾತು. ಬರೆದುಕೊಂಡರು. ತಲೆಯ ಮೇಲೆ ಒಂದು ದಿನವೂ ಬುಟ್ಟಿ ಹೊರದವರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ನಮ್ಮಂಥ ಒಬ್ಬಳೇ ಒಬ್ಬಳು ಹೆಂಗಸು ಇದ್ದಿದ್ದರೆ ನನ್ನ ಸುಳ್ಳು ಆ ಕ್ಷಣವೇ ಬಿದ್ದುಹೋಗುತ್ತಿತ್ತು. ಇದ್ದವಳು ನೀನೊಬ್ಬಳು. ನಿನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. “ಇಷ್ಟಕ್ಕೇ ಸುಳ್ಳು ಹೇಳುವವಳು ಸರ ತೆಗೆಯುವುದಿಲ್ಲವಾ?” ಎಂದರು ದೊಡ್ಡಮ್ಮ. ನೀನು ನನ್ನ ತಲೆಯ ಸಿಂಬೆಯನ್ನು — ಬುಟ್ಟಿಯ ಅಡಿಗೆ ಇಟ್ಟುಕೊಳ್ಳುವ ಆ ಬಟ್ಟೆಯ ಸುರುಳಿಯನ್ನು — ನೋಡುತ್ತ ನಿಂತೆ.

ಸಂಜೆಯವರೆಗೆ ನಿನ್ನನ್ನು ಠಾಣೆಯಲ್ಲಿ ಕೂರಿಸಿದರು. ಏನೂ ಸಿಗಲಿಲ್ಲ, ಬಿಟ್ಟರು. ಕೇಸೂ ಆಗಲಿಲ್ಲ. ಆದರೆ ಮರುದಿನದಿಂದ ನಿನಗೆ ಒಂದು ಗೇಟೂ ತೆರೆಯಲಿಲ್ಲ. ಎಂಟು ದಿನ ನೀನು ತುಂಬಿದ ಬುಟ್ಟಿಯನ್ನು ಹಾಗೆಯೇ ವಾಪಸು ತಂದೆ. ಆ ಎಂಟು ದಿನದಲ್ಲಿ ನಿನ್ನ ಮನೆಗಳವರು ನನ್ನನ್ನು ಕರೆದರು: “ಜಲಜಕ್ಕ, ಇನ್ನು ನೀವೇ ಬನ್ನಿ.” ನಾನು ಹೋದೆ. “ಇದು ಅಪ್ಪಿಯಕ್ಕನದು” ಎಂದು ಹೇಳಲಿಲ್ಲ.

ಮನೆಯಲ್ಲಿ ಎರಡು ವರ್ಷದ ಮಗು ಇತ್ತು, ಅದಕ್ಕಾಗಿ — ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಆ ಮಗುವಿನ ಹೆಸರನ್ನು ಇದಕ್ಕೆ ಅಂಟಿಸುವುದಿಲ್ಲ.

ನೀನು ಹೂಡೆಯ ತಮ್ಮನ ಮನೆಗೆ ಹೊರಟ ದಿನ ಬಸ್‌ಸ್ಟಾಪಿನಲ್ಲಿ ನನ್ನ ಬುಟ್ಟಿ ನೆಲದಲ್ಲಿತ್ತು. ಅಭ್ಯಾಸ ನೋಡು — ನಿನ್ನ ಕೈ ಅದರ ಕಡೆ ಬಂತು. ಅರ್ಧಕ್ಕೆ ನಿಂತಿತು.

“ನೀನೇ ಎತ್ತಿಕೊ ಜಲಜ,” ಎಂದೆ. ಅಷ್ಟೇ.

ಅಲ್ಲಿಂದ ಮುಂದೆ ನಾನು ಯಾರನ್ನೂ ಕರೆಯಲಿಲ್ಲ. ಮಲ್ಪೆಯಲ್ಲಿ ಬೇರೆಯವರು ಎತ್ತಿಕೊಡಲು ಬಂದರೂ ಬೇಡ ಎನ್ನುತ್ತಿದ್ದೆ. ಬುಟ್ಟಿಯನ್ನು ಮೊದಲು ಮೊಣಕಾಲಿಗೆ, ಆಮೇಲೆ ಯಾವುದಾದರೂ ಕಟ್ಟೆಗೆ, ಅಲ್ಲಿಂದ ಬಗ್ಗಿ ತಲೆಗೆ. ಕಟ್ಟೆ ಇಲ್ಲದ ಕಡೆ ಇಳಿಸುತ್ತಲೇ ಇರಲಿಲ್ಲ. ಎರಡು ಬುಟ್ಟಿಯ ಮನೆಗಳನ್ನು ಒಂದೇ ತಲೆಯಲ್ಲಿ ಹೊತ್ತೆ. ಈಗ ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ. ಜಲಜಕ್ಕ ಗಟ್ಟಿಗಿತ್ತಿ, ಯಾರ ಹಂಗೂ ಇಲ್ಲ ಎಂದು ಜನ ಹೊಗಳಿದರು. ಆ ಹೊಗಳಿಕೆಯನ್ನು ಕೇಳುತ್ತಲೇ ನವ್ಯ ಬೆಳೆದಳು. ಅವಳಿಗೆ ಅಜ್ಜಿ ಎಂದರೆ…

ದೊಡ್ಡಮ್ಮ ತೀರಿಹೋದರು, ನಿನ್ನನ್ನು ಕಳ್ಳಿ ಎಂದುಕೊಂಡೇ. ಆ ಮಗನ ತಲೆ ಈಗ ನರೆತಿದೆ. ಹೋದ ವರ್ಷ ಕಂಡಾಗಲೂ “ಎಂತ ಜಲಜಕ್ಕ” ಎಂದು ನಕ್ಕ. ಅವನನ್ನು ಬೈಯಲು ನನಗೆ ಬಾಯಿಲ್ಲ. ಅವನು ತೆಗೆದದ್ದು ಒಂದು ಸರ.

ಬೆಂಗಳೂರಿನಿಂದ ಬರುವಾಗ ರೈಲಿನಲ್ಲಿ ನವ್ಯ ನನ್ನ ಭುಜಕ್ಕೆ ಒರಗಿ ಹೇಳಿದಳು: “ಅಜ್ಜೀ, ಕೋರ್ಟಿನಲ್ಲಿ ಹೆದರಿ ಹೋಗಿದ್ದೆ. ಅಜ್ಜಿಯಾದರೆ ಹೇಳುತ್ತಿದ್ದರು ಅಂತ ನೆನೆಸಿಕೊಂಡೆ. ಹೇಳಿಬಿಟ್ಟೆ.” ನಾನು ಕಿಟಕಿಯ ಕಡೆ ನೋಡಿದೆ. ಆ ಮಗು ಇಲ್ಲದ ಗೋಡೆಗೆ ಒರಗಿ ನಿಂತಿತ್ತು. ಆದರೂ ಬೀಳಲಿಲ್ಲ. ಅದು ಅವಳದೇ ಬಲ. ನನ್ನದಲ್ಲ.

ಬರುವ ಭಾನುವಾರ ಸಂಜೆ ಕಾಪುವಿನಲ್ಲಿ ನಮ್ಮ ಹೆಂಗಸರ ಸಂಘದವರು ಸನ್ಮಾನ ಇಟ್ಟಿದ್ದಾರೆ — ಮೊಮ್ಮಗಳಿಗೂ ಅಜ್ಜಿಗೂ. ನನಗೂ ಶಾಲಂತೆ, ಮೈಕಿನಲ್ಲಿ ಎರಡು ಮಾತಂತೆ. ಶಾಲು ನನಗೆ ಬೇಡ. ಮೈಕು ಬೇಕು. ಇಲ್ಲಿ ಬರೆದದ್ದನ್ನೇ ಅಲ್ಲಿ ಹೇಳುತ್ತೇನೆ, ನಿನ್ನ ಹೆಸರನ್ನೂ ನನ್ನ ಹೆಸರನ್ನೂ ಬಿಡದೆ. ಆದರೆ ಊರು ಕೇಳುವ ಮೊದಲು ನೀನು ಕೇಳಬೇಕು.

ಆದ್ದರಿಂದ ಅದೇ ದಿನ ಬೆಳಿಗ್ಗೆ ಹೂಡೆಗೆ ಬರುತ್ತೇನೆ. ನೀನು ಒಳಗೆ ಕರೆಯಬೇಕೆಂದಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ನನಗೆ ಅಭ್ಯಾಸ ಉಂಟು. ನಿನಗೆ ಅಕ್ಷರ ಬರುವುದಿಲ್ಲ. ನಾನೇ ಓದೋಣವೆಂದರೆ ನಡುವೆ ಯಾವುದಾದರೂ ಸಾಲು ನುಂಗಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ನಿನ್ನೆ ಇಡೀ ದಿನ ಯೋಚಿಸಿದೆ, ಯಾರಿಂದ ಓದಿಸುವುದು ಎಂದು. ಕಂಡದ್ದನ್ನು ಕಂಡ ಹಾಗೆ ಹೇಳುವವಳು ನಮ್ಮಲ್ಲಿ ಒಬ್ಬಳೇ ಇದ್ದಾಳೆ. ಕಾಗದದಲ್ಲಿ ಎಂತ ಉಂಟು ಎಂದು ಅವಳಿಗೆ ಹೇಳದೆಯೇ ಕರೆದುಕೊಂಡು ಬರುತ್ತೇನೆ.

ನವ್ಯಾ, ಇಲ್ಲಿಯವರೆಗೆ ಓದಿದೆಯಲ್ಲ ಮಗಾ. ನನ್ನ ಮುಖ ನೋಡಬೇಡ ಈಗ. ಆಮೇಲೆ ನೋಡು, ಬೇಕಾದಷ್ಟು ಹೊತ್ತು ನೋಡು. ಮೊದಲಿನ ನಾಲ್ಕು ಸಾಲನ್ನು ಇನ್ನೊಮ್ಮೆ ಓದು — ಅಪ್ಪಿಯಕ್ಕನಿಗೆ ಕಿವಿ ಸ್ವಲ್ಪ ಮಂದವಂತೆ. ಗಟ್ಟಿಯಾಗಿ ಓದು. ಅಕ್ಕಪಕ್ಕದ ಮನೆಯವರಿಗೂ ಕೇಳಲಿ.